ಮೇಸ್ತ್ರಿಯ ಗೇಣು

ಅಂಗೈ ಬಿಡಿಸಿ ಹಿಡಿದಾಗ ಹೆಬ್ಬೆರಳ ತುದಿಗೂ ಕಿರುಬೆರಳ ತುದಿಗೂ ನಡುವೆ ಎಷ್ಟು ಅಂತರ ಇರಬೇಕು ಎಂಬ ಬಹುಮುಖ್ಯ ವಿಷಯದ ಬಗ್ಗೆ ಇದುವರೆಗೆ ಯಾವ ಸರ್ಕಾರವೂ ತಲೆಕೆಡಿಸಿಕೊಂಡಿಲ್ಲ. ತೂಕದ ಕಲ್ಲಿಗೆ ಮುದ್ರೆ ಒತ್ತುತ್ತಾರೆ, ತಕ್ಕಡಿಯನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಕರೆಯುತ್ತಾರೆ. ಗೇಣನ್ನು ಮಾತ್ರ ಅವರವರ ಕೈಗೆ ಬಿಟ್ಟಿದ್ದಾರೆ. ಹಾಗೆ ಬಿಟ್ಟದ್ದರಿಂದ ಒಂದು ಮನೆಯಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

ಆ ಮನೆಯಲ್ಲಿ ಎರಡು ಗೇಣುಗಳಿದ್ದವು. ಒಂದು ಗಂಡನದು. ಅವನು ನೆಲಕ್ಕೆ ಟೈಲ್ಸ್ ಕೂರಿಸುವ ಮೇಸ್ತ್ರಿ. ಕೆಲಸ ಕಲಿಯುತ್ತಿದ್ದಾಗ ಒಮ್ಮೆ ಟೇಪಿನ ಮೇಲೆ ಬಲಗೈ ಇಟ್ಟು ನೋಡಿದ್ದ. ಸರಿಯಾಗಿ ಒಂಬತ್ತು ಇಂಚು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಆವತ್ತಿನಿಂದ ಟೇಪನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದನ್ನೇ ಬಿಟ್ಟ. ಖಾಲಿ ಕೋಣೆಗೆ ಹೋಗಿ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಕಂಬಳಿಹುಳು ಹರಿದ ಹಾಗೆ ಕೈ ಹರಿಸಿಕೊಂಡು ಈ ಮೂಲೆಯಿಂದ ಆ ಮೂಲೆಗೆ ಹೋಗುವನು. ಎದ್ದು ಮಂಡಿಯ ಧೂಳು ಕೊಡವಿಕೊಂಡು, ಇಷ್ಟು ಟೈಲ್ಸ್ ತರಿಸಿ ಅನ್ನುವನು. ಅಷ್ಟೇ ಸಾಕಾಗುತ್ತಿತ್ತು. ಪೇಟೆಯೆಲ್ಲ ಅವನನ್ನು ಗೇಣು ಮೇಸ್ತ್ರಿ ಅನ್ನುತ್ತಿತ್ತು. ಎಂಜಿನಿಯರುಗಳಿಗೂ ತಮ್ಮ ಟೇಪಿನ ಮೇಲೆ ಅನುಮಾನ ಬಂದರೆ, "ಮೇಸ್ತ್ರಿ, ಒಂಚೂರು ಕೈ ಇಟ್ಟು ನೋಡಿ" ಅನ್ನುತ್ತಿದ್ದರಂತೆ. ಇದನ್ನು ಹೇಳುತ್ತಿದ್ದವನು ಮೇಸ್ತ್ರಿಯೇ.

ಇನ್ನೊಂದು ಗೇಣು ಹೆಂಡತಿಯದು. ಅವಳು ಬೀದಿಯವರ ಬಟ್ಟೆಗೆ ಇಸ್ತ್ರಿ ಹಾಕುವವಳು. ಮನೆಯ ಕಿಟಕಿಯ ಪಕ್ಕದ ಮೇಜೇ ಅವಳ ಅಂಗಡಿ. ಎಲ್ಲರಿಗೂ ಇಸ್ತ್ರಿ ಅಕ್ಕ. ಮೇಸ್ತ್ರಿಗೆ ತಕ್ಕ ಇಸ್ತ್ರಿ ಎಂದು ಬೀದಿಯವರು ಪ್ರಾಸ ಕಟ್ಟಿ ನಕ್ಕು ನಕ್ಕು, ಆ ನಗೆಯೂ ಹಳತಾಗಿತ್ತು. ಅವಳ ಗೇಣು ಏಳೂವರೆ ಇಂಚು. ಆದರೆ ಅದು ಏಳೂವರೆ ಎಂದು ಅವಳಿಗಾಗಲಿ ಇನ್ನೊಬ್ಬರಿಗಾಗಲಿ ಗೊತ್ತಿರಲಿಲ್ಲ. ಗಂಡ ದಿನ ಬೆಳಗಾದರೆ ಗೇಣಿನ ಮಾತಾಡುತ್ತಿದ್ದ ಮನೆ ಅದು. ಗೇಣು ಅಂದಮೇಲೆ ಗೇಣು ಎಂದು ಅವಳು ತಿಳಿದಿದ್ದಳು.

ಇಸ್ತ್ರಿ ಅಕ್ಕನಿಗೆ ಒಂದು ಬೀರು ಬೇಕಾಗಿತ್ತು.

ಇದು ಹೆಂಗಸಿನ ಹಂಬಲ ಎಂದು ತಳ್ಳಿಹಾಕುವ ಹಾಗಿಲ್ಲ. ಅವಳು ಬೀದಿಯ ಬೀರುಗಳನ್ನೆಲ್ಲ ಬಟ್ಟೆಯ ಕಡೆಯಿಂದ ಬಲ್ಲವಳು. ಯಾವ ಅಂಗಿ ಹ್ಯಾಂಗರಿನಲ್ಲಿ ತೂಗುತ್ತದೆ, ಯಾವುದು ಅಡ್ಡಹಲಗೆಯ ಮೇಲೆ ಮಲಗುತ್ತದೆ ಎಂಬುದನ್ನು ಮಡಿಕೆಯ ಗೆರೆ ನೋಡಿಯೇ ಹೇಳುತ್ತಿದ್ದಳು. ಮಹಡಿಮನೆ ಟೀಚರಮ್ಮನ ಸೀರೆಗಳಿಗೆ ನುಸಿಗುಳಿಗೆಯ ವಾಸನೆ. ಆ ವಾಸನೆ ಬಿಸಿಗೆ ಎದ್ದು ಬಂದಾಗ ಇಸ್ತ್ರಿ ಅಕ್ಕ ಒಂದು ಗಳಿಗೆ ಕೈ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದಳು.

"ನಿಮ್ಮ ಕೈಯಿಂದ ಬಂದದ್ದನ್ನ ಬೀರುವಿನಲ್ಲಿಟ್ಟರೆ ತಿಂಗಳಾದ್ರೂ ಹಾಗೇ ಇರುತ್ತೆ ನೋಡಿ," ಎಂದಿದ್ದರು ಟೀಚರಮ್ಮ.

"ಹೌದಾ?" ಎಂದಿದ್ದಳು ಅಕ್ಕ. ಅವಳಿಗೆ ಗೊತ್ತಾಗುವ ದಾರಿ ಇರಲಿಲ್ಲ. ಅವಳ ಮನೆಯ ಬಟ್ಟೆ ಇಸ್ತ್ರಿಯಾಗಿ ಹಗ್ಗದ ಮೇಲೆ ಹೋಗುತ್ತಿತ್ತು, ಇಲ್ಲವೇ ಮಂಚದಡಿಯ ಟ್ರಂಕಿಗೆ. ಸಂಜೆಯ ಹೊತ್ತಿಗೆ ಹಸು ಜಗಿದು ಬಿಟ್ಟ ಹಾಗೆ ಆಗಿರುತ್ತಿತ್ತು.

ಒಂದು ದಿನ ಪೀಠೋಪಕರಣದ ಅಂಗಡಿಯೊಂದು ಹಳೆಯ ಸರಕು ಖಾಲಿಮಾಡಲು ಕೂತಿತು, ಸಂಜೆಯವರೆಗೆ ಮಾತ್ರ. ಮೂರು ಬಾಗಿಲಿನ ಬೀರು, ನಡುವಿನ ಬಾಗಿಲಿಗೆ ನಿಲುಗನ್ನಡಿ. ಅಕ್ಕ ಇಸ್ತ್ರಿ ಪೆಟ್ಟಿಗೆ ಆರಿಸಿ ಗೋಡೆ ಅಳೆದಳು. ಒಂದೇ ಕೋಣೆ, ಹಿಂದೆ ಅಡುಗೆಮನೆ. ಒಂದು ಗೋಡೆಯಲ್ಲಿ ಬೀದಿ ಬಾಗಿಲು, ಇನ್ನೊಂದಕ್ಕೆ ಕಿಟಕಿ ಮತ್ತು ಮೇಜು, ಮತ್ತೊಂದಕ್ಕೆ ಮಂಚ. ಮಿಕ್ಕದ್ದು ಅಡುಗೆಮನೆ ಬಾಗಿಲ ಪಕ್ಕದ ಗೋಡೆ. ಮೂಲೆಯಿಂದ ಬಾಗಿಲವರೆಗೆ ಸರಿಯಾಗಿ ಆರು ಗೇಣು. ಗಂಡನಿಗೆ ಫೋನ್ ಮಾಡಿ ಹೇಳಿದಳು. ಅವನು ಕೆಲಸದಿಂದ ನೇರವಾಗಿ, ಕೈಯಲ್ಲಿ ಸಿಮೆಂಟು ಒಣಗಿದ್ದ ಹಾಗೇ ಅಂಗಡಿಗೆ ಹೋಗಿ ಬೀರುವನ್ನು ಅಳೆದ. ಸರಿಯಾಗಿ ಆರು ಗೇಣು. ಹೇಳಿ ಮಾಡಿಸಿದ ಹಾಗಿದೆ ಎಂದು ಕೊಂಡೇಬಿಟ್ಟ.

ಮನೆಗೆ ತಂದು ಮೂಲೆಗೆ ಒತ್ತಿ ನಿಲ್ಲಿಸಿದಾಗ ಬೀರು ಅಡುಗೆಮನೆ ಬಾಗಿಲಿಗೆ ಒಂದು ಗೇಣು ಅಡ್ಡ ಬಂತು.

"ಎಷ್ಟು ಅಂದಿದ್ದೆ?" ಎಂದ ಮೇಸ್ತ್ರಿ.

"ಆರು ಗೇಣು."

"ಯಾರ ಗೇಣು?"

ಗೇಣಿಗೆ ಯಜಮಾನರಿರುತ್ತಾರೆ ಎಂಬುದು ಅಕ್ಕನಿಗೆ ಆಗ ತಿಳಿಯಿತು. ಅವನು ಅವಳ ಕೈ ಹಿಡಿದು ತನ್ನ ಕೈಗೆ ಒತ್ತಿ ನೋಡಿದ. ಅವಳ ಬೆರಳು ಮುಗಿದ ಮೇಲೂ ಅವನ ಬೆರಳು ಉಳಿದಿತ್ತು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ ಇಬ್ಬರೂ ಹೀಗೆ ಅಂಗೈಗೆ ಅಂಗೈ ಇಟ್ಟು ನಿಂತದ್ದು. ಅವನಿಗೆ ನಗು ಬಂತು. ಅವಳಿಗೂ ಬಂತು. ಬೀರು ಹೊತ್ತು ತಂದಿದ್ದವರು ಕೆಮ್ಮಿದರು.

ಮಾರಿದ ಸರಕು ವಾಪಸಿಲ್ಲ ಎಂದು ಅಂಗಡಿಯವನು ತನ್ನ ತಲೆಯ ಹಿಂದೆಯೇ ಬೋರ್ಡು ಹಾಕಿಕೊಂಡಿದ್ದ.

ಅಂದಿನಿಂದ ಆ ಮನೆಯವರು ಅಡುಗೆಮನೆಗೆ ಅಡ್ಡಡ್ಡ ಹೋಗಿ ಅಡ್ಡಡ್ಡ ಬರತೊಡಗಿದರು. ಏಳು ವರ್ಷದ ಮಗಳು ಪುಟ್ಟಿ ಮಾತ್ರ ನೆಟ್ಟಗೆ ಹೋಗುತ್ತಿದ್ದಳು. ಆದರೂ ಅಕ್ಕ ಸುಖಿಯಾಗಿದ್ದಳು. ಮಡಿಚಿಟ್ಟದ್ದು ಮಡಿಚಿದ ಹಾಗೇ ಇರುತ್ತಿತ್ತು. ಟೀಚರಮ್ಮ ಸುಳ್ಳು ಹೇಳಿರಲಿಲ್ಲ.

ಹೀಗಿರುವಾಗ ಅಕ್ಕನ ಭಾವ, ಅಂದರೆ ಮೇಸ್ತ್ರಿಯ ಷಡ್ಡಕ, ಸಮುದ್ರದಾಚೆಯಿಂದ ರಜೆಗೆ ಬಂದ. ಅವನೂ ಟೈಲ್ಸ್ ಕೆಲಸದವನೇ. ಹೋಗುವಾಗ ಕೈಚೀಲ ಹಿಡಿದು ಹೋದವನು ಚಕ್ರದ ಸೂಟ್‌ಕೇಸನ್ನೂ ಒಂದು ಹೊಟ್ಟೆಯನ್ನೂ ಸಂಪಾದಿಸಿಕೊಂಡು ಬಂದಿದ್ದ. ಕೈ ತೊಳೆಯಲು ಅಡುಗೆಮನೆಗೆ ಹೊರಟವನು ಬೀರುವಿಗೂ ಬಾಗಿಲಚೌಕಟ್ಟಿಗೂ ನಡುವೆ ಸಿಕ್ಕಿಕೊಂಡ.

"ಏನು ಷಡ್ಡಕರೇ," ಎಂದ, ಅಲ್ಲಿ ನಿಂತೇ. "ಮನೆ ಚಿಕ್ಕದಾಯ್ತಲ್ಲ."

ಅಲ್ಲಿಯವರೆಗೆ ನೋಡಿದವರೆಲ್ಲ ಬೀರು ದೊಡ್ಡದಾಯಿತು ಅಂದಿದ್ದರು. ಬೀರು ದೊಡ್ಡದು ಅನ್ನುವುದಕ್ಕೂ ಮನೆ ಚಿಕ್ಕದು ಅನ್ನುವುದಕ್ಕೂ ನಡುವಿನ ಅಂತರ ಒಂದು ಸಮುದ್ರದಷ್ಟಿತ್ತು. ಊಟ ಮುಗಿಯುವ ಹೊತ್ತಿಗೆ ಷಡ್ಡಕ ಅದನ್ನು ದಾಟಿಸುವ ದಾರಿ ಹೇಳಿದ್ದ. ತನ್ನ ಕಂಪನಿಗೆ ಜನ ಬೇಕು. ಎರಡು ವರ್ಷ. ಬಂದಮೇಲೆ ಎರಡು ರೂಮಿನ ಮನೆ, ಬೀರುವಿಗೆ ಬೇಕಾದಷ್ಟು ಗೋಡೆ.

ಅವನು ಹೋದಮೇಲೆ ಮೇಸ್ತ್ರಿ ಹೆಂಡತಿಯ ಮುಖ ನೋಡಿದ. "ಏನಂತೀಯ?"

ಅವಳು ಹೋಗಿ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಕನ್ನಡಿಯನ್ನು ಸೆರಗಿನಿಂದ ಒರೆಸುತ್ತಾ, "ಎರಡೇ ವರ್ಷ ತಾನೆ?" ಅಂದಳು. ಮುಂದೆ ಬಹಳ ದಿನ ಅವಳು ಈ ಮಾತನ್ನು ತಿರುವಿ ತಿರುವಿ ನೋಡಿದ್ದಾಳೆ. ಅದರಲ್ಲಿ 'ಎರಡೇ' ಅನ್ನುವುದನ್ನು ಬಿಟ್ಟು ಬೇರೇನೂ ತಪ್ಪು ಸಿಕ್ಕಿಲ್ಲ.

ಹೊರಡುವ ದಿನ ಮೇಸ್ತ್ರಿ ಬೀರುವಿನ ಮೂರನೆಯ ಬಾಗಿಲು ತೆರೆದು, ಒಳಮೈಯ ಮೇಲೆ ಬಲಗೈ ಅಗಲಿಸಿ ಇಟ್ಟ. ಕಿವಿಯ ಮೇಲಿನ ಪೆನ್ಸಿಲಿನಿಂದ ಹೆಬ್ಬೆರಳ ತುದಿಗೊಂದು, ಕಿರುಬೆರಳ ತುದಿಗೊಂದು ಗೀಟು ಎಳೆದ.

"ಇದು ನನ್ನ ಗೇಣು. ಇನ್ನು ಏನು ಕೊಳ್ಳೋದಿದ್ರೂ ಇದರಲ್ಲೇ ಅಳತೆ ಮಾಡು. ನಿನ್ನ ಕೈ ನಂಬಬೇಡ."

"ನನ್ನ ಕೈ ನಂಬಿ ಬೀದಿಯೇ ಬಟ್ಟೆ ಹಾಕ್ಕೊಳ್ಳುತ್ತೆ," ಎಂದಳು ಅವಳು. ಆದರೂ ಅವನು ಹೋದಮೇಲೆ ಆ ಎರಡು ಗೀಟುಗಳ ನಡುವೆ ಒಂದು ಕೆಂಪು ದಾರ ಹಿಡಿದು ಕತ್ತರಿಸಿ, ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಳು.

ವರ್ಷ ತುಂಬುವುದರೊಳಗೆ ಹಿಂದಿನ ಬೀದಿಯಲ್ಲಿ ಎರಡು ರೂಮಿನ ಮನೆ ಸಿಕ್ಕಿತು. ದಾರ ಹಿಡಿದು ನೋಡಿದರೆ ಗೋಡೆ ಎಂಟು ಗೇಣು. ಬೀರು ಅದರಲ್ಲಿ ಕಾಲು ಚಾಚಿ ಕೂತಿತು. ಲೆಕ್ಕದ ಪ್ರಕಾರ ಕತೆ ಇಲ್ಲಿಗೆ ಮುಗಿಯಬೇಕು. ಆದರೆ ಬೀರುವಿಗೆ ಮನೆ ಸಿಕ್ಕಿದ ಮೇಲೆ ಮನೆಗೆ ಸಾಮಾನು ಬೇಕಾಯಿತು. ಇನ್ನೊಂದು ರೂಮು ಖಾಲಿ ಹೊಡೆಯುತ್ತಿತ್ತು. ಮಾತಾಡಿದರೆ ದನಿ ತಿರುಗಿ ಬರುತ್ತಿತ್ತು. ಅದಕ್ಕೆ ಸೋಫಾ ಬಂತು. ಎರಡು ವರ್ಷ ಮುಗಿಸಿ ಒಂದು ತಿಂಗಳ ರಜೆಗೆ ಬಂದ ಮೇಸ್ತ್ರಿ ಆ ಸೋಫಾದ ತುದಿಯಲ್ಲಿ ನೆಂಟನ ಹಾಗೆ ಕೂತಿದ್ದು, ಫ್ರಿಜ್ಜಿನ ಮಾತು ಬಂದಾಗ ಇನ್ನೆರಡು ವರ್ಷಕ್ಕೆ ಒಪ್ಪಿ ಹೋದ. ಫ್ರಿಜ್ಜಾದ ಮೇಲೆ ವಾಷಿಂಗ್ ಮಷೀನು. ನಾಲ್ಕು ವರ್ಷವಾದಾಗ, ಈ ಸಲ ರಜೆ ಕೊಡುವುದಿಲ್ಲವಂತೆ, ಅದರ ಬದಲು ಹೆಚ್ಚಿನ ಸಂಬಳವಂತೆ ಎಂದ. ಅಕ್ಕ ಅದನ್ನೂ ನಂಬಿದಳು.

ದಿನಾ ಫೋನಿನಲ್ಲಿ ಮುಖ ಕಾಣುತ್ತಿತ್ತು. ಮುಖದ ಹಿಂದೆ ಮೇಲಿನ ಮಂಚದ ಕಬ್ಬಿಣದ ಪಟ್ಟಿ. ಅಲ್ಲಿ ಒಂದರ ಮೇಲೊಂದು ಮಂಚ, ರೂಮಿಗೆ ಎಂಟು ಜನ. ಅವನು ಅದೇ ಮಾತುಗಾರ, ಅದೇ ನಗು. ಬಲಗೈಯಲ್ಲಿ ಫೋನು ಹಿಡಿದಿರುತ್ತಿದ್ದ. ಫೋನು ಹಿಡಿದ ಕೈ ಫೋನಿನಲ್ಲಿ ಕಾಣುವುದಿಲ್ಲ. ಇದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಯೋಚಿಸದ ಸಂಗತಿ.

ಆರನೆಯ ವರ್ಷ ಟಿವಿಯ ಸರದಿ. ಪುಟ್ಟಿಗೆ ಆಗಲೇ ಹದಿಮೂರು. ಅವಳೇ ಕೆಂಪು ದಾರ ಹಿಡಿದು ಗೋಡೆ ಅಳೆದಳು.

"ಅಪ್ಪಾ, ನಿನ್ನ ಗೇಣಲ್ಲಿ ಆರೂ ಚಿಲ್ಲರೆ ಇದೆ."

"ಇಲ್ಲಿ ಅಂಗಡೀಲೇ ಅಳೆದಿದೀನಿ ಮಗಳೇ. ಟಿವಿ ಸರಿಯಾಗಿ ಆರು ಗೇಣು. ಬಡಗಿಗೆ ಹೇಳಿ ಗೂಡು ಮಾಡಿಸಿಡಿ, ಹಡಗಲ್ಲಿ ಕಳಿಸ್ತೀನಿ."

ಗೂಡಾಯಿತು. ಎರಡು ತಿಂಗಳಿಗೆ ಟಿವಿಯೂ ಬಂತು. ಗೂಡಿನೊಳಗೆ ಇಟ್ಟು ನೋಡಿದರೆ ಎರಡೂ ಪಕ್ಕ ಅರ್ಧರ್ಧ ಗೇಣು ಖಾಲಿ. ಅಪ್ಪನ ಅಂಗಿ ಹಾಕಿಕೊಂಡ ಮಗುವಿನ ಹಾಗೆ ಕಾಣುತ್ತಿತ್ತು.

"ಅಪ್ಪನ ಲೆಕ್ಕ ತಪ್ಪಿದೆ," ಎಂದಳು ಪುಟ್ಟಿ.

"ನಿಮ್ಮಪ್ಪ ಬೇರೆ ಯಾವುದರಲ್ಲಾದರೂ ತಪ್ಪಿಯಾರು, ಗೇಣಲ್ಲಿ ತಪ್ಪಲ್ಲ. ಬಡಗಿ ಎಡವಿರಬೇಕು."

ದಾರ ತಂದು ಗೂಡು ಅಳೆದಳು ಅಕ್ಕ. ಆರು. ಬಡಗಿ ಎಡವಿರಲಿಲ್ಲ. ಟಿವಿ ಅಳೆದಳು. ಐದು. ದಾರ ಎಳೆದಾಡಿ ಉದ್ದವಾಗಿರಬೇಕು ಎಂದು ಬೀರುವಿನ ಬಾಗಿಲು ತೆರೆದು ಗೀಟಿಗೆ ಹಿಡಿದು ನೋಡಿದಳು. ಸರಿಯಾಗಿತ್ತು.

"ಹೊರದೇಶದ ನೀರಲ್ಲಿ ಒಗೆದು ನಿಮ್ಮಪ್ಪನ ಗೇಣು ಕುಗ್ಗಿದೆ," ಎಂದು ನಕ್ಕಳು. ಪುಟ್ಟಿಯೂ ನಕ್ಕು ಶಾಲೆಗೆ ಹೋದಳು.

ನಗುತ್ತಲೇ, ಏನೂ ಯೋಚಿಸದೆ, ಅಕ್ಕ ತನ್ನ ಕೈಯನ್ನು ಟಿವಿಯ ಮೇಲಂಚಿನಲ್ಲಿ ಹರಿಸಿದಳು. ಒಂದು, ಎರಡು, ಮೂರು. ಆರನೆಯ ಗೇಣಿಗೆ ಅವಳ ಕಿರುಬೆರಳು ಟಿವಿಯ ತುದಿಗೆ ಸರಿಯಾಗಿ ಬಂದು ನಿಂತಿತು.

ಮತ್ತೊಮ್ಮೆ ಹರಿಸಿದಳು. ಆರೇ.

ಮೇಜಿನ ಮೇಲೆ ಹನ್ನೊಂದು ಅಂಗಿಗಳಿದ್ದವು. ಒಪ್ಪಿಕೊಂಡ ಬಟ್ಟೆ. ಅವಳು ಒಂದೊಂದನ್ನೇ ತೆಗೆದು ಕಾಲರು, ತೋಳು, ಬೆನ್ನು ಎಂದು ಕ್ರಮವಾಗಿ ಇಸ್ತ್ರಿ ಹಾಕಿದಳು. ಹನ್ನೊಂದನೆಯದು ಮುಗಿಯುವಾಗ ಅಲ್ಲಿ ಅವನು ಊಟದ ವಿರಾಮಕ್ಕೆ ರೂಮಿಗೆ ಬರುವ ಹೊತ್ತು. ಪೆಟ್ಟಿಗೆ ಆರಿಸಿ ಫೋನು ಮಾಡಿದಳು.

"ಟಿವಿ ಕೂತ್ಕೊಂಡ್ತಾ?" ಎಂದ ಮೇಸ್ತ್ರಿ.

"ಕೈ ತೋರಿಸ್ರೀ."

ಅವನು ಎಡಗೈ ಎತ್ತಿ ಆಡಿಸಿದ. "ತಗೋ. ಕೈ ನೋಡಿ ಭವಿಷ್ಯ ಹೇಳ್ತೀಯಾ?"

"ಅದಲ್ಲ. ಅಳೆಯೋ ಕೈ."

"ಮತ್ತೆ ಫೋನು ಯಾರು ಹಿಡೀತಾರೆ?"

"ಎಡಗೈಲಿ ಹಿಡೀರಿ."

ಆಮೇಲೆ ಚಿತ್ರ ಅಲುಗಾಡಿತು. ಸೂರು ಕಂಡಿತು, ಕಬ್ಬಿಣದ ಪಟ್ಟಿ ಕಂಡಿತು, ಅದಕ್ಕೆ ತೂಗುಹಾಕಿದ ಸುಕ್ಕುಸುಕ್ಕಾದ ಅಂಗಿ ಕಂಡಿತು. ಕೊನೆಗೆ ಕೈ ಬಂತು. ಕಿರುಬೆರಳ ಜಾಗದಲ್ಲಿ ಏನೂ ಇರಲಿಲ್ಲ. ಉಂಗುರಬೆರಳು ಅರ್ಧಕ್ಕೆ ನಿಂತಿತ್ತು.

"ಯಾವಾಗ?"

"ವಾಷಿಂಗ್ ಮಷೀನು ಬಂತಲ್ಲ, ಅದರ ಹಿಂದಿನ ತಿಂಗಳು." ಆ ಮನೆಯಲ್ಲಿ ತಿಂಗಳು ವರ್ಷಗಳನ್ನು ಈಗ ಸಾಮಾನಿನ ಹೆಸರಿನಿಂದಲೇ ಕರೆಯುತ್ತಿದ್ದರು. "ಟೈಲ್ಸ್ ಕತ್ತರಿಸೋ ಬ್ಲೇಡು. ನನ್ನದೇ ಅಜಾಗ್ರತೆ. ಕಂಪನಿಯವರು ಕೈಬಿಡಲಿಲ್ಲ ಕಣೆ, ಕೊಡಬೇಕಾದ್ದು ಕೊಟ್ರು. ಅದರಲ್ಲೇ ಮಷೀನು..."

ಬಚ್ಚಲಮನೆಯಲ್ಲಿ ಮಷೀನು ಪುಟ್ಟಿಯ ಶಾಲೆಯ ಬಟ್ಟೆ ಹಾಕಿಕೊಂಡು ಗಿರಗಿರ ತಿರುಗುತ್ತಿತ್ತು. ಅಕ್ಕ ಆ ಕಡೆ ನೋಡಲಿಲ್ಲ.

"ಎರಡು ವರ್ಷ ಮುಚ್ಚಿಟ್ಟವರು, ಮತ್ಯಾಕೆ ಅದೇ ಕೈಲಿ ಅಳೆದ್ರಿ?"

"ಏನು ಹೇಳ್ಲಿ. ಅಂಗಡೀಲಿ ಟಿವಿ ಕಂಡ ತಕ್ಷಣ ಕೈ ಅದರಷ್ಟಕ್ಕೆ ಅದೇ ಹೋಯ್ತು. ಬೆರಳಿಲ್ಲ ಅನ್ನೋದು ನೆನಪೇ ಆಗಲಿಲ್ಲ."

"ನನ್ನ ಗೇಣಲ್ಲಿ ಅಳೆದೆ. ಸರಿಯಾಗಿ ಆರು."

ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಆಮೇಲೆ, ಬೀರು ತಂದ ದಿನ ನಕ್ಕ ಹಾಗೆಯೇ ನಕ್ಕ. "ಹಾಗಾದ್ರೆ ಈಗ ನಿಂದೂ ನಂದೂ ಒಂದೇ ಗೇಣು. ಆವತ್ತೇ ಹೀಗಿದ್ದಿದ್ರೆ ಸರಿಯಾದ ಬೀರು ತರ್ತಿದ್ದೆ."

ಅಕ್ಕನಿಗೆ ನಗು ಬರಲಿಲ್ಲ. "ಬಂದುಬಿಡ್ರೀ."

"ಬಂದು?"

"ಇಲ್ಲಿ ನೆಲ ಇಲ್ವಾ, ಟೈಲ್ಸ್ ಇಲ್ವಾ?"

"ಗೇಣು ಮೇಸ್ತ್ರಿಗೆ ಗೇಣೇ ಇಲ್ಲ ಅಂದ್ರೆ ಯಾರೇ ಕರೀತಾರೆ? ಇಲ್ಲಿ ಕೆಂಪು ಬೆಳಕು ಬಿಡೋ ಯಂತ್ರ ಇದೆ. ಗುಂಡಿ ಒತ್ತಿದ್ರೆ ಅಳತೆ ಬರುತ್ತೆ. ಕೈ ಹೇಗಿದೆ ಅಂತ ಯಾರೂ ಕೇಳಲ್ಲ."

"ಟೇಪು ಇಟ್ಕೊಳ್ಳಿ."

"ಟೇಪು ಇಟ್ಕೊಂಡ್ರೆ ಬರೀ ಮೇಸ್ತ್ರಿ ಕಣೆ," ಎಂದ ಅವನು. ಹಿಂದೆ ಯಾರೋ ಊಟಕ್ಕೆ ಕರೆದರು.

ಅಕ್ಕ ಕೂತು ಯೋಚಿಸಿದಳು. ಎಲ್ಲ ಶುರುವಾದದ್ದು ಎಲ್ಲಿಂದ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅದು ಎದುರಿಗೇ ಮೂರು ಬಾಗಿಲು ಮುಚ್ಚಿಕೊಂಡು ನಿಂತಿತ್ತು. ಮರುದಿನ ಗಂಡನಿಗೆ ಹೇಳಿದಳು: "ಎಲ್ಲ ಮಾರ್ತೀನಿ. ಒಂದು ರೂಮಿನ ಮನೆಗೇ ಹೋಗ್ತೀವಿ. ಆಮೇಲೆ ನೀವು ಅಲ್ಲಿ ಇರೋದಕ್ಕೆ ಕಾರಣ ಏನಿರುತ್ತೆ ನೋಡೋಣ."

"ಬೀರು ಮಾರ್ತೀಯಾ?"

"ಮಾರ್ತೀನಿ."

"ನೀನು?" ಅವನ ದನಿಯಲ್ಲಿ ಚೇಷ್ಟೆಯಿತ್ತು. ಆಮೇಲೆ ಚೇಷ್ಟೆ ಹೋಯಿತು. "ಆಯ್ತು. ತಿಂಗಳ ಕೊನೆಗೆ ಹೊಸ ಕರಾರಿಗೆ ಸಹಿ ಕೇಳ್ತಾರೆ. ಅಷ್ಟರಲ್ಲಿ ಬೀರು ಮನೆ ಬಿಟ್ರೆ ನಾನೂ ಈ ಜಾಗ ಬಿಡ್ತೀನಿ. ಟೇಪೇ ಇಟ್ಕೊಳ್ತೀನಿ. ಮಾತು ಮಾತೇ."

ಹಳೆ ಸಾಮಾನಿನವನು ಬಂದ. ಸೋಫಾ ಹೋಯಿತು. ಫ್ರಿಜ್ಜೂ ಹೋಯಿತು. ವಾಷಿಂಗ್ ಮಷೀನನ್ನು ಅಕ್ಕ ತಾನೇ ಬಾಗಿಲವರೆಗೆ ತಳ್ಳಿಕೊಂಡು ಬಂದು ಕೊಟ್ಟಳು. ಟಿವಿ ಕೊನೆಗೆ ನೋಡೋಣ ಎಂದು ಪುಟ್ಟಿ ಅಂದಾಗ, ಅಕ್ಕ ಅವಳನ್ನು ನೋಡಿದ ರೀತಿಗೆ ಅದೂ ಹೋಯಿತು. ಅಷ್ಟು ಹೋದರೂ ಅಕ್ಕನ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಮನೆಯೊಳಗೆ ದನಿ ಮತ್ತೆ ತಿರುಗಿ ಬರತೊಡಗಿತ್ತು. ಅದು ಅವಳಿಗೆ ಹಿತವೇ ಆಯಿತು.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಸಾಮಾನಿನವನು ಬೀರುವಿಗಾಗಿ ಬಂದ. ಅಕ್ಕ ಬಟ್ಟೆಗಳನ್ನೆಲ್ಲ ತೆಗೆದು ನೆಲದ ಮೇಲೆ ಪೇರಿಸಿದ್ದಳು. ಮೂರನೆಯ ಬಾಗಿಲಿನ ಹಿಂದೆ ಇದ್ದದ್ದು ಮೇಸ್ತ್ರಿಯ ಅಂಗಿಗಳು. ನಾಲ್ಕು ವರ್ಷದಿಂದ ಹಾಕದ ಅಂಗಿಗಳಿಗೆ ಅವಳು ತಿಂಗಳಿಗೊಮ್ಮೆ ಇಸ್ತ್ರಿ ಹಾಕಿ ಇಡುತ್ತಿದ್ದಳು. ಸಾಮಾನಿನವನು ಕನ್ನಡಿ ತಟ್ಟಿ ನೋಡಿದ, ಕೀಲು ಆಡಿಸಿ ನೋಡಿದ, ಮೂರನೆಯ ಬಾಗಿಲು ತೆರೆದ.

"ಚೆನ್ನಾಗಿ ಇಟ್ಟಿದೀರಿ ಅಕ್ಕಾ. ಇದೊಂದು ಗೀರು ಬಿದ್ದಿದೆ. ಪೆನ್ಸಿಲ್ ಇರಬೇಕು, ಒರೆಸಿದ್ರೆ ಹೋಗುತ್ತೆ."

ಹೆಗಲ ಮೇಲಿನ ಬಟ್ಟೆಯ ತುದಿಯನ್ನು ಬಾಯಲ್ಲಿ ಒದ್ದೆಮಾಡಿಕೊಂಡು ಅವನು ಕೆಳಗಿನ ಗೀಟಿಗೆ ಹಚ್ಚಿದ.

"ಬಿಡಿ," ಎಂದಳು ಅಕ್ಕ.

"ಒಂದು ನಿಮಿಷ, ಹೋಗುತ್ತೆ..."

"ಬಿಡಿ ಅಂದೆನಲ್ಲ."

ಅವನು ಕೈ ತೆಗೆದ. ಗೀಟು ಅರ್ಧ ಅಳಿಸಿತ್ತು, ಅರ್ಧ ಉಳಿದಿತ್ತು. ಅಕ್ಕ ಮುಂದೆ ಬಂದು ಎರಡು ಗೀಟುಗಳ ನಡುವೆ ತನ್ನ ಕೈ ಅಗಲಿಸಿ ಇಟ್ಟಳು. ಕಿರುಬೆರಳಿನ ಆಚೆ ಎರಡು ಬೆರಳು ಮರ ಉಳಿಯಿತು. ಅವಳು ಹಾಗೇ ನಿಂತಳು. ಎದುರಿಗೆ ಖಾಲಿ ಅಡ್ಡಹಲಗೆಗಳು, ಅವುಗಳಿಂದ ನುಸಿಗುಳಿಗೆಯ ವಾಸನೆ. ಕಾಲ ಬಳಿ ನಾಲ್ಕು ವರ್ಷ ಸುಕ್ಕು ಕಾಣದ ಅಂಗಿಗಳು, ಮತ್ತೆ ಹಗ್ಗಕ್ಕೆ ಹೋಗಲು ಕಾದು ಕೂತಿದ್ದವು.

"ನಾಳೆ ಬನ್ನಿ," ಎಂದಳು.

ಅವನು ನಾಳೆ ಬಂದ. ಇನ್ನೊಂದು ದಿನ ಬನ್ನಿ ಎಂದಳು. ಅವನು ಇನ್ನೊಂದು ದಿನ ಬರಲಿಲ್ಲ. ಅವಳು ಬಿಡಲಾರದೆ ಹೋದದ್ದು ಗೀಟನ್ನೋ ಬೀರುವನ್ನೋ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಅವಳಿಗೂ ಬರುತ್ತಿರಲಿಲ್ಲ. ಅಂಗಿಗಳನ್ನು ಒಳಗೆ ಜೋಡಿಸಿ ಬಾಗಿಲು ಮುಚ್ಚಿದಳು.

ಬೀರು ಎಂಟು ಗೇಣಿನ ಗೋಡೆಗೆ ಒರಗಿ ಅಲ್ಲೇ ಉಳಿಯಿತು. ತಿಂಗಳ ಕೊನೆಯ ದಿನ ಮೇಸ್ತ್ರಿ ಇನ್ನೆರಡು ವರ್ಷಕ್ಕೆ ಸಹಿ ಹಾಕಿದ.